ಗಿಡುಗ, ಗಾಳಿಯಂತ್ರ, ಡ್ರೋನ್: ಜಿಲ್ಲೆಯ ಕಾಲೇಜು ವಾಯುರಕ್ಷಣಾ ಸಂಶೋಧನೆಗೆ ಕೈಹಾಕುವುದು ಹೇಗೆ?

ಪ್ರಶ್ನೆ: ಚಿತ್ರದುರ್ಗ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಡ್ರೋನ್‌ಗಳನ್ನು ನಮ್ಮ ವಾಯುರಕ್ಷಣಾ ಜಾಲ ತಡೆದ ಮೇಲೆ ವಿದ್ಯಾರ್ಥಿಗಳು ಇದೇ ವಿಷಯದಲ್ಲಿ ಪ್ರಾಜೆಕ್ಟ್ ಬೇಕು ಎಂದು ಬರುತ್ತಿದ್ದಾರೆ. ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಶಿಕ್ಷಣ ಸಂಸ್ಥೆಗಳ ಜೊತೆ ಸೇರಿ ಕೆಲಸ ಮಾಡುತ್ತದೆ ಎಂದು ಓದುತ್ತೇವೆ. ಅದು ಐಐಟಿಗಳಿಗೆ ಮಾತ್ರವೇ? ನಮ್ಮಲ್ಲಿ ದೊಡ್ಡ ಉಪಕರಣಗಳಿಲ್ಲ. ಎಲ್ಲಿಂದ ಶುರು ಮಾಡಬೇಕು, ಹಣ ಎಲ್ಲಿಂದ ಬರುತ್ತದೆ, ಎಲ್ಲಿ ಎಡವುತ್ತೇವೆ?

ಉತ್ತರ: ಐಐಟಿಗಳಿಗೆ ಮಾತ್ರ ಅಲ್ಲ. ಆದರೆ ಅರ್ಜಿ ಬರೆಯುವ ಮೊದಲು ನಿಮ್ಮದೇ ಆದ ಒಂದು ಅಳತೆ ಕೈಯಲ್ಲಿರಬೇಕು. ಬೇರೆಯವರ ಲೇಖನ ಓದಿ ಕಟ್ಟಿದ ಪ್ರಸ್ತಾವನೆಗಳು ಪ್ರಯೋಗಾಲಯಗಳ ಮೇಜಿನ ಮೇಲೆ ಬೇಕಾದಷ್ಟಿರುತ್ತವೆ. ಬಯಲಿನಲ್ಲಿ ನಿಂತು ಅಳೆದ, ತಪ್ಪೆಷ್ಟು ಎಂದು ಲೆಕ್ಕ ಇಟ್ಟ ದತ್ತಾಂಶ ಅಪರೂಪ. ಹಾಗಾಗಿ ಮೊದಲು ಅಳತೆಯ ಮಾತು, ಹಣದ ಮಾತು ಆಮೇಲೆ.

ಕಾಲೇಜುಗಳ ಪಾಲು ಹೊಸದೇನಲ್ಲ. 1983ರಲ್ಲಿ ಸಮಗ್ರ ಕ್ಷಿಪಣಿ ಅಭಿವೃದ್ಧಿ ಕಾರ್ಯಕ್ರಮ ಶುರುವಾದಾಗ ಆಕಾಶ್ ಕ್ಷಿಪಣಿಗೆ ಒಂದೇ ಹೊತ್ತಿನಲ್ಲಿ ಹಲವು ಗುರಿಗಳನ್ನು ನಿಭಾಯಿಸುವ ತಂತ್ರಾಂಶ ಬೇಕಿತ್ತು. ಅದನ್ನು ಬರೆದುಕೊಟ್ಟದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಐ.ಜಿ. ಶರ್ಮ ಅವರ ಮಾರ್ಗದರ್ಶನದಲ್ಲಿದ್ದ ಸ್ನಾತಕೋತ್ತರ ವಿದ್ಯಾರ್ಥಿಗಳು. 2025ರ ಏಪ್ರಿಲ್ 13ರಂದು ಕರ್ನೂಲಿನಲ್ಲಿ ಡ್ರೋನ್ ಹೊಡೆದು ತೋರಿಸಿದ ಲೇಸರ್ ಅಸ್ತ್ರದಲ್ಲೂ ಡಿಆರ್‌ಡಿಒ ಪ್ರಯೋಗಾಲಯಗಳು ಮತ್ತು ಕಂಪನಿಗಳ ಜೊತೆ ಶಿಕ್ಷಣ ಸಂಸ್ಥೆಗಳ ಕೈ ಇತ್ತು. ಅದೇ ವರ್ಷದ ಆಗಸ್ಟ್ 23ರಂದು ಒಡಿಶಾ ಕರಾವಳಿಯಲ್ಲಿ ಸಮಗ್ರ ವಾಯುರಕ್ಷಣಾ ವ್ಯವಸ್ಥೆಯ ಮೊದಲ ಪರೀಕ್ಷೆ ನಡೆಯಿತು. ವೇಗವಾಗಿ ಹಾರುವ ಎರಡು ಮಾನವರಹಿತ ವಿಮಾನಗಳು ಮತ್ತು ಒಂದು ಮಲ್ಟಿಕಾಪ್ಟರ್ ಡ್ರೋನನ್ನು ಬೇರೆ ಬೇರೆ ದೂರ, ಬೇರೆ ಬೇರೆ ಎತ್ತರದಲ್ಲಿ ಏಕಕಾಲಕ್ಕೆ ಹೊಡೆಯಲಾಯಿತು. ಒಂದಕ್ಕೆ ಕ್ಯೂಆರ್‌ಸ್ಯಾಮ್ ಕ್ಷಿಪಣಿ, ಇನ್ನೊಂದಕ್ಕೆ ಹೆಗಲಿಗೇರುವಷ್ಟು ಚಿಕ್ಕ ವರ್ಗದ ವಿಶೋರಾಡ್ಸ್ ಕ್ಷಿಪಣಿ, ಮತ್ತೊಂದಕ್ಕೆ ಲೇಸರ್. ಯಾವುದಕ್ಕೆ ಯಾವುದು ಎಂದು ತೀರ್ಮಾನಿಸುವುದು ಒಂದೇ ನಿಯಂತ್ರಣ ಕೇಂದ್ರ. ಆ ತೀರ್ಮಾನ ಸರಿಯಾಗಬೇಕಾದರೆ, ಬರುತ್ತಿರುವುದು ಏನು ಎಂಬುದು ಮೊದಲು ಗೊತ್ತಾಗಬೇಕು. ನಿಮ್ಮಂಥ ಕಾಲೇಜಿಗೆ ಜಾಗ ಇರುವುದು ಇಲ್ಲೇ.

ಸಣ್ಣ ಡ್ರೋನ್ ಯಾಕೆ ಕಷ್ಟ ಎಂಬುದನ್ನು ಅಂಕಿಗಳಲ್ಲೇ ನೋಡಿ. ರೇಡಾರ್ ಒಂದು ವಸ್ತುವನ್ನು ಕಾಣುವ ದೂರ, ಆ ವಸ್ತು ಪ್ರತಿಫಲಿಸುವ ಪ್ರಮಾಣದ ನಾಲ್ಕನೇ ಮೂಲಕ್ಕೆ ಅನುಗುಣ. 1 ಚದರ ಮೀಟರ್ ಪ್ರತಿಫಲನದ ವಿಮಾನವನ್ನು 100 ಕಿ.ಮೀ. ದೂರದಲ್ಲಿ ಹಿಡಿಯುವ ರೇಡಾರ್, 0.01 ಚದರ ಮೀಟರಿನ ಡ್ರೋನನ್ನು ಸುಮಾರು 32 ಕಿ.ಮೀ.ಗೆ ಹಿಡಿದೀತು. ಅದೂ ನೋಟಕ್ಕೆ ಅಡ್ಡಿ ಇಲ್ಲದಿದ್ದರೆ. ಭೂಮಿಯ ವಕ್ರತೆಯದು ಬೇರೆಯೇ ಲೆಕ್ಕ: ಆಂಟೆನಾ ಮತ್ತು ಗುರಿಯ ಎತ್ತರಗಳ (ಮೀಟರಿನಲ್ಲಿ) ವರ್ಗಮೂಲಗಳನ್ನು ಕೂಡಿ 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದಿಗಂತ ಸಿಗುತ್ತದೆ. 9 ಮೀಟರ್ ಕಂಬದ ಮೇಲಿನ ಆಂಟೆನಾ, 49 ಮೀಟರ್ ಎತ್ತರದಲ್ಲಿ ಬರುವ ವಸ್ತು: 4.12 × (3+7), ಅಂದರೆ 41 ಕಿ.ಮೀ. ಸೆಕೆಂಡಿಗೆ 250 ಮೀಟರ್ ವೇಗದ ಕ್ರೂಸ್ ಕ್ಷಿಪಣಿ ಆ ದೂರವನ್ನು ಮೂರು ನಿಮಿಷದೊಳಗೆ ದಾಟುತ್ತದೆ. ಬೆಟ್ಟಗುಡ್ಡದ ಸೀಮೆಯಲ್ಲಿ ಈ 41 ಕೂಡ ಸಿಗುವುದಿಲ್ಲ. ಅದಕ್ಕೇ ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ, ಹೊತ್ತೊಯ್ಯಬಲ್ಲ ಭರಣಿ, ಆಶ್ಲೇಷಾದಂಥ ಹಗುರ ರೇಡಾರ್‌ಗಳನ್ನೂ, ವಾಹನದ ಮೇಲಿನ ರೋಹಿಣಿ, ಅಶ್ವಿನಿ, ಆರುಧ್ರಗಳನ್ನೂ ರೂಪಿಸಿರುವುದು. ಬೆಂಗಳೂರಿನ ಸಿ.ವಿ. ರಾಮನ್ ನಗರದ ಈ ಪ್ರಯೋಗಾಲಯದ ರೇಡಾರ್ ಪಟ್ಟಿ ಓದಿದರೆ ಮಳೆ ನಕ್ಷತ್ರಗಳ ಲೆಕ್ಕ ಹಿಡಿದು ಬಿತ್ತುವ ನಮ್ಮ ರೈತರಿಗೆ ಈ ಹೆಸರುಗಳೆಲ್ಲ ಪರಿಚಿತ ಎನಿಸುತ್ತವೆ.

ಡ್ರೋನಿನದು ಇನ್ನೊಂದು ತೊಡಕು: ಗಾತ್ರದಲ್ಲೂ ವೇಗದಲ್ಲೂ ಅದು ಹಕ್ಕಿಯಂತೆಯೇ. ಸೆಕೆಂಡಿಗೆ 10 ಮೀಟರ್ ಹೋಗುವ ಡ್ರೋನ್, ಅದೇ ವೇಗದ ಬೆಳ್ಳಕ್ಕಿ, ಎರಡೂ ಎಕ್ಸ್-ಬ್ಯಾಂಡ್ (ಸುಮಾರು 10 ಗಿಗಾಹರ್ಟ್ಸ್) ರೇಡಾರಿಗೆ ಸುಮಾರು 667 ಹರ್ಟ್ಸ್ ಡಾಪ್ಲರ್, ಅಂದರೆ ಚಲನೆಯಿಂದ ಪ್ರತಿಧ್ವನಿಯ ಆವರ್ತನದಲ್ಲಾಗುವ ಬದಲಾವಣೆ, ಕೊಡುತ್ತವೆ. ವ್ಯತ್ಯಾಸ ಇರುವುದು ರೆಕ್ಕೆಯಲ್ಲಿ. ಡ್ರೋನಿನ 25 ಸೆಂ.ಮೀ. ವ್ಯಾಸದ ಪ್ರೊಪೆಲ್ಲರ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ 78 ಮೀಟರ್. ಹಕ್ಕಿ ಸೆಕೆಂಡಿಗೆ ಕೆಲವೇ ಬಾರಿ ರೆಕ್ಕೆ ಬಡಿಯುತ್ತದೆ. ಈ ಸೂಕ್ಷ್ಮ ಡಾಪ್ಲರ್ ಗುರುತನ್ನು ಹಿಡಿಯುವುದೇ ನೀವು ಕೈಹಾಕಬೇಕಾದ ಕೆಲಸ, ಮತ್ತು ಅದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

ಮೊದಲ ಪ್ರಯೋಗ: ಒಂದು ಮಾಡ್ಯೂಲ್, ಒಂದು ಸೌಂಡ್ ರೆಕಾರ್ಡರ್

24 ಗಿಗಾಹರ್ಟ್ಸ್ ಡಾಪ್ಲರ್ ಮಾಡ್ಯೂಲ್‌ಗಳು ಸಿಗುತ್ತವೆ, ಅಂಗೈಯಗಲದವು. ಐ ಮತ್ತು ಕ್ಯೂ ಎಂಬ ಎರಡು ಔಟ್‌ಪುಟ್ ಇರುವುದನ್ನೇ ಕೊಳ್ಳಿ. ಒಂದೇ ಔಟ್‌ಪುಟ್ ಇದ್ದರೆ ವಸ್ತು ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯುವುದಿಲ್ಲ. 24 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 12.5 ಮಿ.ಮೀ. ಸೆಕೆಂಡಿಗೆ 78 ಮೀಟರಿನ ಪ್ರೊಪೆಲ್ಲರ್ ತುದಿ ಸುಮಾರು 12.5 ಕಿಲೋಹರ್ಟ್ಸ್ ಡಾಪ್ಲರ್ ಕೊಡುತ್ತದೆ. ಅಂದರೆ ಇದು ಕಿವಿಗೆ ಕೇಳುವ ಧ್ವನಿಯ ವ್ಯಾಪ್ತಿಯೊಳಗೇ ಇದೆ! 48 ಕಿಲೋಹರ್ಟ್ಸ್‌ನ ಸ್ಟೀರಿಯೊ ಆಡಿಯೊ ರೆಕಾರ್ಡರ್ ಸಾಕು. ಐ ಎಡ ಚಾನೆಲ್‌ಗೆ, ಕ್ಯೂ ಬಲ ಚಾನೆಲ್‌ಗೆ. ಎರಡೂ ದಿಕ್ಕಿನಲ್ಲಿ ಸೆಕೆಂಡಿಗೆ 150 ಮೀಟರ್ ವೇಗದವರೆಗೆ ಗೊಂದಲವಿಲ್ಲದೆ ದಾಖಲಾಗುತ್ತದೆ. 24 ಬಿಟ್‌ನಲ್ಲಿ ಗಂಟೆಗೆ ಸುಮಾರು 1 ಜಿಬಿ.

ಕೆಡುವುದು ಇಲ್ಲಿ: ರೆಕಾರ್ಡರಿನಲ್ಲಿ ಸ್ವಯಂಚಾಲಿತ ಲೆವೆಲ್ ನಿಯಂತ್ರಣ ಇರುತ್ತದೆ. ಅದನ್ನು ಆಫ್ ಮಾಡದಿದ್ದರೆ ಡ್ರೋನ್ ಹತ್ತಿರ ಬಂದಂತೆ ಯಂತ್ರವೇ ಸದ್ದು ತಗ್ಗಿಸುತ್ತದೆ, ನಿಮ್ಮ ಪ್ರತಿಧ್ವನಿಯ ಶಕ್ತಿಯ ಅಳತೆಯೆಲ್ಲ ಹಾಳು. ಎಂಪಿ3ಯಲ್ಲಿ ಉಳಿಸಿದರೂ ಅಷ್ಟೇ, ಕಿವಿಗೆ ಬೇಡವೆಂದು ಅದು ಎಸೆಯುವುದರಲ್ಲೇ ನಿಮಗೆ ಬೇಕಾದದ್ದು ಇರಬಹುದು. ವೇವ್ ಕಡತವೇ ಆಗಬೇಕು. ವಿದ್ಯುತ್ತಿಗೆ ಬ್ಯಾಟರಿ ಬಳಸಿ. ಗೋಡೆಯ ಪ್ಲಗ್ಗಿನಿಂದ ಕೊಟ್ಟರೆ 50 ಹರ್ಟ್ಸ್ ಗುಂಯ್ ಎನ್ನುತ್ತದೆ, ಹತ್ತಿರ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ 100 ಹರ್ಟ್ಸ್‌ನಲ್ಲಿ ಒಂದು ಸುಳ್ಳು ಗುರಿ ಕಾಣುತ್ತದೆ. ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿ ಯಾರೋ ನಡೆದಂತೆ! ಎರಡು ಚಾನೆಲ್‌ಗಳ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಸಮ ಇಲ್ಲದಿದ್ದರೆ ಬರುವ ವಸ್ತುವಿನ ನೆರಳು ಹೋಗುವ ಕಡೆಯೂ ಮೂಡುತ್ತದೆ. ಒಂದು ಲೋಹದ ತಟ್ಟೆಯನ್ನು ಒಂದೇ ದಿಕ್ಕಿಗೆ ಸರಿಸಿ ನೋಡಿ, ನೆರಳು ಎಷ್ಟು ಡೆಸಿಬೆಲ್ ಕೆಳಗಿದೆ ಎಂದು ಬರೆದಿಟ್ಟುಕೊಂಡು ತಂತ್ರಾಂಶದಲ್ಲಿ ಸರಿಪಡಿಸಿ.

ಈ ಮಾಡ್ಯೂಲಿಗೆ ಸಣ್ಣ ಡ್ರೋನ್ 15-20 ಮೀಟರಿನೊಳಗೆ ಇರಬೇಕು. ಅದು ಸಾಕು, ಯಾಕೆಂದರೆ ನೀವು ಅಳೆಯುತ್ತಿರುವುದು ದೂರವನ್ನಲ್ಲ, ಗುರುತನ್ನು. ದತ್ತಾಂಶ ಬಂದ ಮೇಲೆ ಎರಡು ರೀತಿ ಬಿಡಿಸಿ ನೋಡಿ. ಎರಡು ಅಲಗಿನ ಪ್ರೊಪೆಲ್ಲರ್ ಸೆಕೆಂಡಿಗೆ 100 ಸುತ್ತು ತಿರುಗಿದರೆ 5 ಮಿಲಿಸೆಕೆಂಡಿಗೊಂದು ಮಿಂಚು, ಅಂದರೆ ಅಲಗು ರೇಡಾರಿಗೆ ಅಡ್ಡವಾದ ಕ್ಷಣದ ಜೋರು ಪ್ರತಿಧ್ವನಿ. 2 ಮಿಲಿಸೆಕೆಂಡ್ (96 ಸ್ಯಾಂಪಲ್) ಕಿಟಕಿ ಇಟ್ಟು ಫೋರಿಯರ್ ರೂಪಾಂತರ (ಸಂಕೇತವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಮಾಡಿದರೆ ಆ ಮಿಂಚುಗಳು ಒಂದೊಂದಾಗಿ ಲಂಬ ಗೆರೆಗಳಾಗಿ ನಿಲ್ಲುತ್ತವೆ. 50 ಮಿಲಿಸೆಕೆಂಡ್ (2,400 ಸ್ಯಾಂಪಲ್) ಕಿಟಕಿ ಇಟ್ಟರೆ ಮಿಂಚು ಮಾಯವಾಗಿ, 200 ಹರ್ಟ್ಸ್ ಅಂತರದ ಅಡ್ಡಗೆರೆಗಳು ಏಣಿಯಂತೆ ಕಾಣುತ್ತವೆ. ಎರಡೂ ಒಂದೇ ಪ್ರೊಪೆಲ್ಲರಿನ ಚಿತ್ರ. ನಾಲ್ಕು ಮೋಟರ್‌ಗಳ ವೇಗ ಕೊಂಚ ಕೊಂಚ ಬೇರೆ ಇರುವುದರಿಂದ ನಿಜವಾದ ದಾಖಲೆಯಲ್ಲಿ ನಾಲ್ಕು ಏಣಿಗಳು ಒಂದರ ಮೇಲೊಂದು ಬೀಳುತ್ತವೆ. ಗಾಳಿ ಬೀಸಿದಾಗ ಅವು ಬೇರೆಬೇರೆಯಾಗುವುದನ್ನು ವಿದ್ಯಾರ್ಥಿಗಳಿಗೆ ತೋರಿಸಿ. ಪ್ಲಾಸ್ಟಿಕ್ ಅಲಗು ಬಲು ಕ್ಷೀಣವಾಗಿ ಪ್ರತಿಫಲಿಸುತ್ತದೆ, ಕಾರ್ಬನ್ ಫೈಬರ್ ಅಲಗು ಜೋರಾಗಿ. ಎರಡನ್ನೂ ಒಂದೇ ಡ್ರೋನಿಗೆ ಹಾಕಿ ಅಳೆಯಿರಿ.

ಅಳತೆಗೆ ಒಂದು ಮಾನದಂಡ ಬೇಕಲ್ಲ? 11.3 ಸೆಂ.ಮೀ. ವ್ಯಾಸದ ಟೊಳ್ಳು ಲೋಹದ ಗೋಳ ಮಾಡಿಸಿ. ಅದರ ಪ್ರತಿಫಲನ, ತ್ರಿಜ್ಯದ ವರ್ಗದ ಪೈ ಪಟ್ಟು, ಸರಿಯಾಗಿ 0.01 ಚದರ ಮೀಟರ್. ಯಾವ ಕೋನದಿಂದ ನೋಡಿದರೂ ಅಷ್ಟೇ. ನೈಲಾನ್ ದಾರದಲ್ಲಿ ಎರಡು ಕಂಬಗಳ ನಡುವೆ ತೂಗುಬಿಟ್ಟು ಮೆಲ್ಲಗೆ ತೂಗಾಡಿಸಿ. ನಿಂತ ಗೋಳ ಡಾಪ್ಲರ್ ರೇಡಾರಿಗೆ ಕಾಣುವುದಿಲ್ಲ. ಪ್ರತಿ ದಿನದ ಅಳತೆಯ ಮೊದಲಿಗೂ ಕೊನೆಗೂ ಈ ಗೋಳವನ್ನು ಅಳೆದಿಟ್ಟರೆ, ನಿಮ್ಮ ದತ್ತಾಂಶವನ್ನು ಬೇರೆ ಪ್ರಯೋಗಾಲಯದವರು ತಮ್ಮದರ ಜೊತೆ ಹೋಲಿಸಬಹುದು. ಇದೊಂದನ್ನು ಮಾಡಿದ ಕಾಲೇಜಿನ ಮಾತಿಗೆ ತೂಕವೇ ಬೇರೆ. ಒಂದು ಎಚ್ಚರಿಕೆ: ಇದೇ ಗೋಳವನ್ನು 3 ಗಿಗಾಹರ್ಟ್ಸ್‌ನ ಎಸ್-ಬ್ಯಾಂಡಿಗೆ ಒಯ್ಯಬೇಡಿ. ಅಲ್ಲಿ ತರಂಗಾಂತರ 10 ಸೆಂ.ಮೀ., ಗೋಳದ ಗಾತ್ರದ ಹತ್ತಿರ ಬಂದುಬಿಡುತ್ತದೆ, ಆ ಸರಳ ಸೂತ್ರ ನಂಬಿಕೆಗೆ ನಿಲ್ಲುವುದಿಲ್ಲ.

ನಿಮ್ಮ ಜಿಲ್ಲೆಯ ಗಾಳಿಯಂತ್ರಗಳು

ಈಗ ನಿಮಗೆ ಮಾತ್ರ ಹೇಳಬಹುದಾದ ಮಾತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ಇದೆ, ಗದಗ ಸೀಮೆಯಲ್ಲೂ ಇದೆ. ವಾಯುರಕ್ಷಣಾ ರೇಡಾರಿಗೆ ಇವು ಜಗತ್ತಿನೆಲ್ಲೆಡೆ ತಲೆನೋವು. 80 ಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 18 ಸುತ್ತು ತಿರುಗಿದರೆ ಅಲಗಿನ ತುದಿ ಸೆಕೆಂಡಿಗೆ 75 ಮೀಟರ್ ಓಡುತ್ತದೆ. ಅದು ಚಿಕ್ಕ ವಿಮಾನದ ವೇಗ. ಕಂಬ ನಿಂತೇ ಇರುವುದರಿಂದ ರೇಡಾರ್ ಅದನ್ನು ಗುಡ್ಡ, ಕಟ್ಟಡಗಳ ಜೊತೆ ಅಳಿಸಿಹಾಕುತ್ತದೆ. ಓಡುವ ಅಲಗನ್ನು ಅಳಿಸಲಾಗದು. ಮೂರು ಅಲಗುಗಳಿರುವುದರಿಂದ ಸೆಕೆಂಡಿಗೆ ಸುಮಾರು 0.9 ಮಿಂಚು ಬರುವ ಕಡೆ, ಅಷ್ಟೇ ಹೋಗುವ ಕಡೆ. ನಿಮಿಷಕ್ಕೆ 10 ಸುತ್ತು ತಿರುಗುವ, 2 ಡಿಗ್ರಿ ಕಿರಣದ ಶೋಧ ರೇಡಾರ್ ಒಂದು ದಿಕ್ಕನ್ನು ನೋಡುವುದು ಬರೇ 33 ಮಿಲಿಸೆಕೆಂಡ್, ಮತ್ತೆ ಅಲ್ಲಿಗೆ ಬರುವುದು 6 ಸೆಕೆಂಡಾದ ಮೇಲೆ. ಆ 33 ಮಿಲಿಸೆಕೆಂಡಿನಲ್ಲಿ ಮಿಂಚು ಸಿಕ್ಕರೆ ಗುರಿ ಉಂಟು, ಸಿಗದಿದ್ದರೆ ಇಲ್ಲ. ಒಂದು ಸುತ್ತಿನಲ್ಲಿ ಈ ಯಂತ್ರ ಹೊಳೆಯುತ್ತದೆ, ಮುಂದಿನ ಸುತ್ತಿನಲ್ಲಿ ಪಕ್ಕದ್ದು. ಹಿಂಬಾಲಿಸುವ ತಂತ್ರಾಂಶ ಎರಡನ್ನೂ ಸೇರಿಸಿ ಒಂದು ವಿಮಾನ ಹಾರಿತು ಎಂದು ಗೆರೆ ಎಳೆಯುತ್ತದೆ. ಯಂತ್ರಗಳ ಹಿಂದೆ ನುಸುಳಿ ಬರುವ ನಿಜವಾದ ಡ್ರೋನ್ ಈ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಇದನ್ನು ನೀವು ಅಳೆಯಬಹುದು. ಯಂತ್ರದ ಮಾಲೀಕ ಕಂಪನಿಯಿಂದ ಲಿಖಿತ ಅನುಮತಿ ಪಡೆದು, ಮೇಲಿನ ಮಾಡ್ಯೂಲಿಗೆ ಹಾರ್ನ್ ಆಂಟೆನಾ ಕೂಡಿಸಿ, ಸುಮಾರು 100 ಮೀಟರ್ ದೂರದಲ್ಲಿ ನಿಲ್ಲಿ. ಎಲ್ಲಿ ನಿಲ್ಲುತ್ತೀರಿ ಎಂಬುದೇ ಮುಖ್ಯ. ಚಕ್ರದ ಎದುರಿಗೆ ನಿಂತರೆ ಅಲಗುಗಳು ಬಹುಮಟ್ಟಿಗೆ ಅಡ್ಡಡ್ಡ ಓಡುತ್ತವೆ, ಡಾಪ್ಲರ್ ತಗ್ಗುತ್ತದೆ. ಚಕ್ರದ ಅಂಚಿನ ಕಡೆ ನಿಂತರೆ ತುದಿಯ ವೇಗದ ಬಹುಪಾಲು ಸಿಗುತ್ತದೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ. ಚಕ್ರ ಪಡುವಣಕ್ಕೆ ಮುಖ ಮಾಡಿರುತ್ತದೆ, ಆಗ ನೀವು ಅದರ ಬಡಗು ಅಥವಾ ತೆಂಕು ಬದಿಯಲ್ಲಿರಬೇಕು. ಗಾಳಿಯ ದಿಕ್ಕು ಬದಲಾದಂತೆ ಚಕ್ರ ಹೊರಳುತ್ತದೆ, ಹಾಗಾಗಿ ಅರ್ಧ ಗಂಟೆಗೊಮ್ಮೆ ಮುಖದ ದಿಕ್ಕನ್ನು ಬರೆದುಕೊಳ್ಳಿ. ಇದನ್ನು ಬರೆಯದೆ ತಂದ ದತ್ತಾಂಶವನ್ನು ಆಮೇಲೆ ಯಾವ ಗಣಿತವೂ ಸರಿಮಾಡಲಾರದು. ಜೊತೆಗೆ ಸಮಯ: ಅಗ್ಗದ ಗಡಿಯಾರದ ಸ್ಫಟಿಕ ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೆ ಗಂಟೆಗೆ 72 ಮಿಲಿಸೆಕೆಂಡ್ ಜಾರುತ್ತದೆ. ಡ್ರೋನಿನ ದಾಖಲೆಯನ್ನೂ ರೇಡಾರಿನ ದಾಖಲೆಯನ್ನೂ ಹೊಂದಿಸಬೇಕಾದರೆ ಜಿಪಿಎಸ್ ಕಾಲಸೂಚನೆ ಬೇಕೇ ಬೇಕು.

ಹಾರಿಸುವ ಅನುಮತಿಯ ಬಗ್ಗೆ: 2021ರ ಡ್ರೋನ್ ನಿಯಮಗಳಲ್ಲಿ ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಿಗೆ ಸಂಶೋಧನೆಗಾಗಿ ವಿನಾಯಿತಿ ಇದೆ. ಹಸಿರು ವಲಯದಲ್ಲಿ, ನಿಮ್ಮ ಆವರಣದೊಳಗೆ ಅಥವಾ ನಿಮ್ಮ ಹತೋಟಿಯಲ್ಲಿರುವ ಬಯಲಿನಲ್ಲಿ ಹಾರಿಸುವುದಾದರೆ ಗುರುತಿನ ಸಂಖ್ಯೆ, ಪೈಲಟ್ ಪ್ರಮಾಣಪತ್ರಗಳು ಬೇಕಿಲ್ಲ. ಪ್ರತಿ ಬಾರಿಯೂ ಯಾವ ಜಾಗ ಯಾವ ವಲಯದಲ್ಲಿದೆ ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ, ಆ ದಿನದ ಚಿತ್ರ ಉಳಿಸಿಕೊಳ್ಳಿ. ನಿಮ್ಮ ಜಿಲ್ಲೆಯಲ್ಲೇ, ಚಳ್ಳಕೆರೆ ಕಡೆ, ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ. ಆ ದಿಕ್ಕಿಗೆ ಹೋಗಲೇಬೇಡಿ. ರೇಡಿಯೊ ಪ್ರಸಾರಕ್ಕೆ ಅನುಮೋದಿತ ಮಾಡ್ಯೂಲನ್ನೇ ಕೊಳ್ಳಿ, ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಲ್ಲಿ 24 ಗಿಗಾಹರ್ಟ್ಸ್ ಬ್ಯಾಂಡಿಗೆ ಪರವಾನಗಿ ಬೇಕೇ ಎಂದು ಬರೆದು ಕೇಳಿ. ಹಾರ್ನ್ ಸೇರಿಸಿದರೆ ಹೊರಹೊಮ್ಮುವ ಶಕ್ತಿ ಹೆಚ್ಚುತ್ತದೆ ಎಂಬುದನ್ನು ಆ ಪತ್ರದಲ್ಲಿ ಮುಚ್ಚಿಡಬೇಡಿ.

ಶೇ 99 ಎಂಬ ಬಲೆ

ವಿದ್ಯಾರ್ಥಿಗಳು ಇಷ್ಟಾದ ಮೇಲೆ ನ್ಯೂರಲ್ ನೆಟ್‌ವರ್ಕ್ ಕಟ್ಟುತ್ತಾರೆ, ಶೇ 99 ನಿಖರತೆ ಬಂತು ಎಂದು ಖುಷಿಯಾಗಿ ಬರುತ್ತಾರೆ. ಕೇಳಬೇಕಾದ ಮೊದಲ ಪ್ರಶ್ನೆ: ತರಬೇತಿಗೆ ಕೊಟ್ಟ ತುಣುಕುಗಳು, ಪರೀಕ್ಷೆಗೆ ಕೊಟ್ಟ ತುಣುಕುಗಳು ಒಂದೇ ಹಾರಾಟದವೇ? ಐದು ನಿಮಿಷದ ಒಂದು ದಾಖಲೆಯನ್ನು ಕತ್ತರಿಸಿ, ಕಲಸಿ, ಎರಡು ಪಾಲು ಮಾಡಿದರೆ ಯಂತ್ರ ಕಲಿಯುವುದು ಆ ದಿನದ ಗಾಳಿಯನ್ನು, ಆ ಬ್ಯಾಟರಿಯ ಸದ್ದನ್ನು. ಪಾಲು ಮಾಡುವುದಾದರೆ ದಿನದ ಪ್ರಕಾರ ಮಾಡಿ, ಡ್ರೋನಿನ ಮಾದರಿಯ ಪ್ರಕಾರ ಮಾಡಿ. ಒಂದು ಮಾದರಿಯನ್ನು ತರಬೇತಿಗೆ ತೋರಿಸಲೇಬೇಡಿ. ಆಗ ಬರುವ ಅಂಕಿ ಕಡಿಮೆ ಇರುತ್ತದೆ, ಆದರೆ ನಿಜ ಇರುತ್ತದೆ.

ಎರಡನೆಯದು ಹುಸಿ ಎಚ್ಚರಿಕೆ. ಒಂದು ರೇಡಾರಿನ ಸುತ್ತ ಗಂಟೆಗೆ 200 ಹಕ್ಕಿಗಳ ಜಾಡು ಬರುತ್ತದೆ ಎಂದುಕೊಳ್ಳಿ. ನೂರಕ್ಕೆ ಒಂದು ತಪ್ಪಾದರೂ ಗಂಟೆಗೆ 2, ದಿನಕ್ಕೆ 48 ಹುಸಿ ಕೂಗು. ಡ್ರೋನ್ ಬರುವುದು ಯಾವಾಗಲೋ ಒಮ್ಮೆ. ಮೂರನೇ ದಿನಕ್ಕೆ ಕಾವಲಿನ ಸೈನಿಕ ಆ ಗಂಟೆಯನ್ನು ನಂಬುವುದು ಬಿಡುತ್ತಾನೆ. ಹಾಗಾಗಿ ಪ್ರಸ್ತಾವನೆಯಲ್ಲಿ 'ನಿಖರತೆ' ಬರೆಯಬೇಡಿ. 'ಇಷ್ಟು ಗಂಟೆ ದಾಖಲೆಯಲ್ಲಿ ಗಂಟೆಗೆ ಇಷ್ಟು ಹುಸಿ, ಇಷ್ಟು ಡ್ರೋನ್ ತಪ್ಪಿಹೋಯಿತು' ಎಂದು ಬರೆಯಿರಿ. ರೆಕ್ಕೆ ಬಡಿಯದೆ ತೇಲುವ ಗಿಡುಗ ನಿಮ್ಮ ಯಂತ್ರಕ್ಕೆ ಹೇಗೆ ಕಂಡಿತು, ಮುಸ್ಸಂಜೆಯ ಬಾವಲಿ ಹೇಗೆ ಕಂಡಿತು, ಮಳೆಹನಿ ಹೇಗೆ ಕಂಡಿತು ಎಂದು ಬೇರೆ ಬೇರೆಯಾಗಿ ತೋರಿಸಿ. ಖಾಲಿ ಆಕಾಶದ ದಾಖಲೆಯೂ ಬೇಕು. ಡ್ರೋನ್ ಇಲ್ಲದ 40 ಗಂಟೆ, ಡ್ರೋನ್ ಇರುವ 2 ಗಂಟೆಗಿಂತ ಹೆಚ್ಚು ಬೆಲೆಬಾಳುತ್ತದೆ. ಇದಕ್ಕೆ ಯಾರಿಗೂ ತಾಳ್ಮೆ ಇರುವುದಿಲ್ಲ.

ಬೇರೆ ವಿಭಾಗದವರಿಗೂ ಕೆಲಸವಿದೆ. ಈಗಿನ ರೇಡಾರ್ ಎಂದರೆ ಸಾವಿರಾರು ಪುಟ್ಟ ಪ್ರಸಾರ-ಗ್ರಹಣ ಮಾಡ್ಯೂಲ್‌ಗಳ ಹಲಗೆ. ದೆಹಲಿಯ ಎಸ್‌ಎಸ್‌ಪಿಎಲ್ ಪ್ರಯೋಗಾಲಯ ಎಕ್ಸ್-ಬ್ಯಾಂಡಿನವರೆಗೆ ಬಳಸಬಹುದಾದ 40 ವಾಟ್‌ಗಳ ಗ್ಯಾಲಿಯಂ ನೈಟ್ರೈಡ್ ಚಿಪ್‌ಗಳನ್ನು ರೂಪಿಸಿದೆ. ಅಂಥದೊಂದು ಚಿಪ್ ಶೇ 35 ದಕ್ಷತೆಯಲ್ಲಿ, ಹತ್ತರಲ್ಲಿ ಒಂದು ಪಾಲು ಹೊತ್ತು ಉರಿಯುತ್ತದೆ ಎಂದಿಟ್ಟುಕೊಂಡರೆ ಸರಾಸರಿ 7 ವಾಟ್‌ಗಿಂತ ತುಸು ಹೆಚ್ಚು ಬರೀ ಶಾಖ. ಸಾವಿರ ಮಾಡ್ಯೂಲಿಗೆ 7 ಕಿಲೋವಾಟ್ ದಾಟುತ್ತದೆ. ಥಾರ್ ಮರುಭೂಮಿಯ ಮೇ ತಿಂಗಳಲ್ಲಿ ಇದನ್ನು ಹೊರಹಾಕುವುದು ಮೆಕ್ಯಾನಿಕಲ್ ವಿಭಾಗದ ಪ್ರಶ್ನೆ: ತಂಪು ತಟ್ಟೆಯ ಕಾಲುವೆಗಳ ಆಕಾರ, ಅಂಟಿನ ಪದರದಲ್ಲಿ ಉಳಿಯುವ ಗಾಳಿಗುಳ್ಳೆ, ಬಿಸಿ-ತಂಪು ನೂರಾರು ಬಾರಿ ಆದ ಮೇಲೆ ಬೆಸುಗೆಯಲ್ಲಿ ಬಿರುಕು. ಸಿದ್ಧತೆ ಎಂದರೆ ಕ್ಷಿಪಣಿಯ ಸಂಖ್ಯೆ ಅಷ್ಟೇ ಎಂದುಕೊಂಡವರು ಈ ಬಿರುಕನ್ನು ಮರೆಯುತ್ತಾರೆ.

ಪ್ರಸಾರವನ್ನೇ ಮಾಡದ ನಿಷ್ಕ್ರಿಯ ರೇಡಾರ್ ಇನ್ನೊಂದು ಒಳ್ಳೆಯ ದಾರಿ. ಆಕಾಶವಾಣಿಯ ಎಫ್‌ಎಂ ತರಂಗ ವಿಮಾನಕ್ಕೆ ಬಡಿದು ಬರುವುದನ್ನು ಎರಡು ಚಾನೆಲ್ ರಿಸೀವರಿನಲ್ಲಿ ಹಿಡಿಯುವುದು. ವಿಮಾನಗಳು ತಾವೇ ಪ್ರಸಾರ ಮಾಡುವ ಎಡಿಎಸ್-ಬಿ ಸ್ಥಾನವನ್ನು ನಿಜವೆಂದು ಇಟ್ಟುಕೊಂಡು ನಿಮ್ಮ ತಪ್ಪನ್ನು ಅಳೆಯಬಹುದು. ಎರಡು ಮಿತಿ ನೆನಪಿರಲಿ. ಎಫ್‌ಎಂನ 100 ಕಿಲೋಹರ್ಟ್ಸ್ ಅಗಲಕ್ಕೆ ದೂರದ ಸೂಕ್ಷ್ಮತೆ ಸುಮಾರು 1.5 ಕಿ.ಮೀ. ಮಾತ್ರ, ಮತ್ತು 3 ಮೀಟರ್ ತರಂಗಕ್ಕೆ ಸಣ್ಣ ಡ್ರೋನ್ ಕಾಣುವುದೇ ಇಲ್ಲ ಎನ್ನಬಹುದು. ಅಗ್ಗದ 8 ಬಿಟ್ ರಿಸೀವರ್ ಕೊಂಡು ಕೈಸುಟ್ಟುಕೊಳ್ಳುವವರೇ ಹೆಚ್ಚು: ಅದರ ವ್ಯಾಪ್ತಿ ಸುಮಾರು 48 ಡೆಸಿಬೆಲ್, ನೇರವಾಗಿ ಬರುವ ಎಫ್‌ಎಂ ಅದನ್ನೆಲ್ಲ ತುಂಬಿಬಿಡುತ್ತದೆ, ಪ್ರತಿಧ್ವನಿಗೆ ಜಾಗವೇ ಉಳಿಯುವುದಿಲ್ಲ. 14 ಬಿಟ್ ಬೇಕು, ಆಂಟೆನಾಗಳ ನಡುವೆ ಕಟ್ಟಡ ಅಡ್ಡ ಇರಬೇಕು.

ಹಣ, ಕಾಗದ, ಕಟ್ಟುಪಾಡು

2022-23ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣಾ ಸಂಶೋಧನೆಯ ಹಣದ ಶೇ 25ರಷ್ಟನ್ನು ಉದ್ಯಮ, ಸ್ಟಾರ್ಟಪ್ ಮತ್ತು ಶಿಕ್ಷಣ ಸಂಸ್ಥೆಗಳಿಗೆ ತೆರೆದಿಡುವುದಾಗಿ ಘೋಷಿಸಲಾಯಿತು. ನಿಮ್ಮ ಮುಂದಿರುವ ಬಾಗಿಲುಗಳು ಬೇರೆ ಬೇರೆ ಅಳತೆಯವು. ಡಿಆರ್‌ಡಿಒ-ಉದ್ಯಮ-ಶಿಕ್ಷಣ ಉತ್ಕೃಷ್ಟತಾ ಕೇಂದ್ರಗಳು 15 ಇವೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವುಗಳಲ್ಲೊಂದು. ಅಲ್ಲಿ ವಿಷಯಗಳನ್ನು ಪ್ರಯೋಗಾಲಯಗಳೇ ಸೂಚಿಸುತ್ತವೆ. ನಿಮ್ಮ ಕಾಲೇಜು ಅಲ್ಲಿನ ಪ್ರಾಧ್ಯಾಪಕರೊಬ್ಬರ ಜೊತೆ ಪಾಲುದಾರನಾಗಿ ಸೇರಲು ಸಾಧ್ಯವೇ ಎಂದು ಕೇಳಿ. ಒಂಟಿಯಾಗಿ ಹೋಗುವುದಾದರೆ ಡಿಆರ್‌ಡಿಒದ ಬಾಹ್ಯ ಸಂಶೋಧನಾ ಅನುದಾನವಿದೆ, ವೈಮಾನಿಕ, ಶಸ್ತ್ರಾಸ್ತ್ರ, ನೌಕಾ ಮತ್ತು ಜೀವವಿಜ್ಞಾನಕ್ಕೆ ನಾಲ್ಕು ಪ್ರತ್ಯೇಕ ಮಂಡಳಿಗಳಿವೆ. ರೇಡಾರ್ ವಿಷಯವನ್ನು ಬಾಹ್ಯ ಸಂಶೋಧನಾ ವಿಭಾಗಕ್ಕೆ ಬರೆಯುವುದು ಸೂಕ್ತ. ತಂತ್ರಜ್ಞಾನ ಅಭಿವೃದ್ಧಿ ನಿಧಿಯಲ್ಲಿ ಯೋಜನೆಗೆ 50 ಕೋಟಿ ರೂಪಾಯಿಯವರೆಗೆ ಅವಕಾಶವಿದ್ದರೂ ಅರ್ಜಿ ಹಾಕಬೇಕಾದ್ದು ಕಂಪನಿ. ಕಾಲೇಜು ಅದರ ಜೊತೆಗಾರ. ಇದು ನಿಮಗೆ ಮೊದಲ ಮೆಟ್ಟಿಲಲ್ಲ.

ಹಣಕ್ಕಿಂತ ಮೊದಲು ಜನ ಬೇಕೆಂದರೆ, 2021ರ ಜುಲೈಯಲ್ಲಿ ಎಐಸಿಟಿಇ ಮತ್ತು ಡಿಆರ್‌ಡಿಒ ಸೇರಿ ಶುರು ಮಾಡಿದ ರಕ್ಷಣಾ ತಂತ್ರಜ್ಞಾನದ ಎಂ.ಟೆಕ್. ನೋಡಿ. ಅದರಲ್ಲಿ ಸಂವಹನ ವ್ಯವಸ್ಥೆ ಮತ್ತು ಸಂವೇದಕಗಳ ವಿಭಾಗವೂ ಇದೆ, ಎಐಸಿಟಿಇ ಮಾನ್ಯತೆಯ ಕಾಲೇಜುಗಳು ನಡೆಸಬಹುದು.

ಪ್ರಸ್ತಾವನೆ ಚಿಕ್ಕದಿರಲಿ, ಎರಡು ವರ್ಷದ್ದು. 'ಕೃತಕ ಬುದ್ಧಿಮತ್ತೆಯಿಂದ ಸಮಗ್ರ ಡ್ರೋನ್ ನಿಗ್ರಹ' ಎಂಬ ಶೀರ್ಷಿಕೆ ಕಂಡರೆ ಪರಿಶೀಲಕರು ಅಲ್ಲೇ ನಿಲ್ಲುತ್ತಾರೆ. 'ತಿರುಗುವ ಗಾಳಿಯಂತ್ರದ ಹಿನ್ನೆಲೆಯಲ್ಲಿ 0.01 ಚದರ ಮೀಟರ್ ಗುರಿಯ ಸೂಕ್ಷ್ಮ ಡಾಪ್ಲರ್: ಮಾಪನ ಮತ್ತು ಬೇರ್ಪಡಿಕೆ' ಎಂದರೆ ಓದುತ್ತಾರೆ. ಪ್ರತಿ ಆರು ತಿಂಗಳಿಗೆ ಕೈಗೆ ಕೊಡುವ ವಸ್ತು ಏನು ಎಂದು ಬರೆಯಿರಿ: ಮಾಪನಾಂಕಿತ ದತ್ತಾಂಶ, ಆಮೇಲೆ ತಂತ್ರಾಂಶ, ಆಮೇಲೆ ಬಯಲಿನ ಪರೀಕ್ಷೆ. ಬಜೆಟ್ಟಿನಲ್ಲಿ ಸಂಶೋಧನಾ ಸಹಾಯಕರ ಸಂಬಳ ಮರೆಯಬೇಡಿ. ಕೇಂದ್ರದ 2023ರ ಪರಿಷ್ಕೃತ ದರದಂತೆ ಕಿರಿಯ ಸಂಶೋಧಕರಿಗೆ (ಜೆಆರ್‌ಎಫ್) ತಿಂಗಳಿಗೆ 37,000 ರೂಪಾಯಿ, ಹಿರಿಯರಿಗೆ (ಎಸ್‌ಆರ್‌ಎಫ್) 42,000, ಜೊತೆಗೆ ಮನೆಬಾಡಿಗೆ ಭತ್ಯೆ. ಎಲ್ಲ ಹಣವನ್ನೂ ಉಪಕರಣಕ್ಕೆ ಹಾಕಿ, ಅಳೆಯಲು ಜನ ಇಲ್ಲದೆ ಪೆಟ್ಟಿಗೆ ಬಿಚ್ಚದೆ ಉಳಿಯುವುದು ಸಾಮಾನ್ಯ.

ಯೋಜನೆಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿಸಿ. ವರ್ಷದ ಕೊನೆಗೆ 12-ಎ ನಮೂನೆಯ ಯುಟಿಲೈಸೇಶನ್ ಸರ್ಟಿಫಿಕೇಟ್ ಮತ್ತು ಲೆಕ್ಕಪರಿಶೋಧಕರ ಸಹಿಯ ಖರ್ಚುಪಟ್ಟಿ ಹೋಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಕಂತು ನಿಂತರೆ ಸಹಾಯಕರು ಕೆಲಸ ಬಿಡುತ್ತಾರೆ, ಅವರ ಜೊತೆ ಕೈಪಳಗೂ ಹೋಗುತ್ತದೆ. ಮಾರ್ಚ್‌ನಲ್ಲಿ ಪರದಾಡುವ ಬದಲು ಜನವರಿಯಲ್ಲೇ ಕಾಲೇಜಿನ ಲೆಕ್ಕಪತ್ರ ವಿಭಾಗದವರ ಜೊತೆ ಕುಳಿತುಕೊಳ್ಳಿ.

ಸಹಿ ಹಾಕುವ ಮೊದಲು ಪ್ರಕಟಣೆ ಮತ್ತು ಪೇಟೆಂಟ್ ಷರತ್ತು ಓದಿ. ಲೇಖನ ಕಳಿಸುವ ಮುನ್ನ ಒಪ್ಪಿಗೆ ಬೇಕಾಗುತ್ತದೆ, ಆ ಒಪ್ಪಿಗೆಗೆ ಹಿಡಿಯುವ ಸಮಯವನ್ನು ಪಿಎಚ್‌.ಡಿ. ವಿದ್ಯಾರ್ಥಿಯ ಲೆಕ್ಕಕ್ಕೆ ಸೇರಿಸಿ. ಹೊರದೇಶದಲ್ಲಿರುವ ನಿಮ್ಮ ಹಳೆಯ ವಿದ್ಯಾರ್ಥಿಗಳು ನೆರವಿಗೆ ಬರುವುದು ಸಹಜ, ಒಳ್ಳೆಯದೇ. ಆದರೆ ರೇಡಾರ್ ತಂತ್ರಾಂಶ, ದತ್ತಾಂಶವನ್ನು ಗಡಿಯಾಚೆ ಕಳಿಸುವುದು ಸ್ಕೋಮೆಟ್ ರಫ್ತು ನಿಯಂತ್ರಣದ ಪಟ್ಟಿಗೆ ಒಳಪಡಬಹುದು. ಇಮೇಲ್ ಕೂಡ ರಫ್ತೇ. ಅವರ ಜೊತೆ ಪ್ರಕಟವಾದ ವಿಜ್ಞಾನವನ್ನು ಚರ್ಚಿಸಿ, ಯೋಜನೆಯ ಕಡತಗಳನ್ನು ಹಂಚಬೇಡಿ.

ಪ್ರಯೋಗಾಲಯದ ವಿಜ್ಞಾನಿಗೆ ಬರೆಯುವ ಮೊದಲ ಪತ್ರ ಒಂದು ಪುಟ ಮೀರದಿರಲಿ. ಮೇಲೆ ಎರಡು ಚಿತ್ರ: 2 ಮಿಲಿಸೆಕೆಂಡ್ ಕಿಟಕಿಯದೊಂದು, 50 ಮಿಲಿಸೆಕೆಂಡಿನದೊಂದು. ಕೆಳಗೆ ಗೋಳದ ಅಳತೆ, ಗಂಟೆಗಳ ಲೆಕ್ಕ, ಹುಸಿಗಳ ಲೆಕ್ಕ, ನಿಮಗೆ ಬಿಡಿಸಲಾಗದ ಒಂದು ಪ್ರಶ್ನೆ. ಕಾಲೇಜಿನ ಶ್ರೇಯಾಂಕ, ಕಟ್ಟಡದ ಫೋಟೊ ಬೇಡ. ಆವರಣದೊಳಗಿನ ಡ್ರೋನ್ ಮತ್ತು ಹಕ್ಕಿಗಳ ದಾಖಲೆಯನ್ನು ಬೇಸಿಗೆ ಮುಗಿಯುವುದರೊಳಗೆ ಮಾಡಿಕೊಳ್ಳಿ. ಗಾಳಿಯಂತ್ರದ ಅನುಮತಿಯ ಪತ್ರವನ್ನು ಈಗಲೇ ಹಾಕಿ, ಯಾಕೆಂದರೆ ನಿಮ್ಮ ಗುಡ್ಡಗಳ ಮೇಲೆ ಚಕ್ರಗಳು ಬಿಡುವಿಲ್ಲದೆ ತಿರುಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮತ್ತು ಆ ಕಾಲದಲ್ಲಿ ಮಾಡ್ಯೂಲಿನ ಮುಂದೆ ಹನಿ ನಿಲ್ಲದಂತೆ ತೆಳು ಪ್ಲಾಸ್ಟಿಕ್ ಮರೆಯೊಂದನ್ನು ಮೊದಲೇ ಕಟ್ಟಿ, ಮರೆ ಇದ್ದಾಗ ಮತ್ತು ಇಲ್ಲದಾಗ ಗೋಳ ಎಷ್ಟು ಡೆಸಿಬೆಲ್ ವ್ಯತ್ಯಾಸ ತೋರಿಸುತ್ತದೆ ಎಂದು ಬರೆದಿಟ್ಟುಕೊಂಡಿರಬೇಕು.